ಚರ್ಚ್ ಆವರಣದಲ್ಲಿ ಚುನಾವಣಾ ಕರಪತ್ರ: ಹಂಚಿದವರ ಜೊತೆ ಬಿಟ್ಟವರೂ ಹೊಣೆ

ಪ್ರಶ್ನೆ: ನಾನು ದಕ್ಷಿಣ ಕನ್ನಡದ ಒಂದು ಕ್ಯಾಥೊಲಿಕ್ ಧರ್ಮಕೇಂದ್ರದ ಪಾಲನಾ ಮಂಡಳಿಯ ಕಾರ್ಯದರ್ಶಿ. ಕಳೆದ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಇಬ್ಬರು ಯುವಕರು ಚರ್ಚ್ ಮೈದಾನದಲ್ಲಿ ‘ಕ್ರೈಸ್ತ ಮತದಾರರಿಗೆ ಮಾರ್ಗದರ್ಶಿ’ ಎಂಬ ಒಂದು ಹಾಳೆಯ ಕರಪತ್ರ ಹಂಚಿದರು. ಅದರಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ. ಆದರೆ ಮೂವರು ಅಭ್ಯರ್ಥಿಗಳ ಹೆಸರಿನ ಮುಂದೆ ಮತಾಂತರ ನಿಷೇಧ ಕಾಯ್ದೆ, ಗರ್ಭಪಾತ, ಅಲ್ಪಸಂಖ್ಯಾತ ಶಾಲೆಗಳು ಇತ್ಯಾದಿ ವಿಷಯಗಳಿಗೆ ಸರಿ-ತಪ್ಪು ಗುರುತು ಹಾಕಿದ್ದರು. ಕೆಳಗೆ ‘ಧರ್ಮಸಭೆಯ ಬೋಧನೆಯಂತೆ ಮತ ಹಾಕಿ’ ಎಂದಿತ್ತು. ಫಾದರ್ ನೋಡಿ ಸುಮ್ಮನಿದ್ದರು. ಅಮೆರಿಕದಲ್ಲಿರುವ ನನ್ನ ಅಣ್ಣ, ಅಲ್ಲಿನ ಚರ್ಚುಗಳಲ್ಲಿ ಇಂಥವು ಸಾಮಾನ್ಯ, ತಪ್ಪೇನಿಲ್ಲ ಎನ್ನುತ್ತಾನೆ. ಈಗ ಪಂಚಾಯಿತಿ ಚುನಾವಣೆಯ ಮಾತು ಶುರುವಾಗಿದೆ. ಏನನ್ನು ಹಂಚಬಹುದು, ಏನನ್ನು ಹಂಚಬಾರದು? ಹೊರಗಿನವರು ಬಂದು ಹಂಚಿದರೆ ನಾವೇನು ಮಾಡಬೇಕು?

ಉತ್ತರ: ಆ ಹಾಳೆಯನ್ನು ಚರ್ಚ್ ಮೈದಾನದಲ್ಲಿ ಹಂಚಲು ಬಿಡಬಾರದಿತ್ತು. ಪಕ್ಷದ ಹೆಸರಿಲ್ಲ ಎಂಬುದು ಇಲ್ಲಿ ರಕ್ಷಣೆಗೆ ಬರುವುದಿಲ್ಲ. ಫಾದರ್ ನೋಡಿ ಸುಮ್ಮನಿದ್ದರು ಎಂಬುದಂತೂ ಹೊಣೆಯನ್ನು ನೇರವಾಗಿ ಅವರ ತಲೆಗೇ ತರುತ್ತದೆ. ನಮ್ಮ ದೇಶದ ಕಾನೂನು ಇರುವುದೇ ಹಾಗೆ. ಕರಪತ್ರ ಬರೆದವರು, ಹಂಚಿದವರು ಯಾರು ಎನ್ನುವುದರ ಜೊತೆಗೆ, ಜಾಗ ಯಾರದು, ಅಲ್ಲಿ ಬಿಟ್ಟವರು ಯಾರು ಎಂದೂ ಅದು ಕೇಳುತ್ತದೆ.

ಇಲ್ಲಿ ಮುಖ್ಯವಾದ ಕಾನೂನು 1988ರ ಧಾರ್ಮಿಕ ಸಂಸ್ಥೆಗಳ (ದುರುಪಯೋಗ ತಡೆ) ಅಧಿನಿಯಮ. ಅಮೃತಸರದ ಸ್ವರ್ಣಮಂದಿರದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದ ಕಾರ್ಯಾಚರಣೆಯ ಬೆನ್ನಿಗೇ ಸುಗ್ರೀವಾಜ್ಞೆಯಾಗಿ ಬಂದು ನಂತರ ಕಾಯ್ದೆಯಾಯಿತು. ಆಯುಧ ಶೇಖರಣೆ, ಆರೋಪಿಗಳಿಗೆ ಆಶ್ರಯ ಎಂಬ ವಿಚಾರಗಳೇ ಅದರಲ್ಲಿ ಎದ್ದು ಕಾಣುವುದರಿಂದ ನಮ್ಮ ಚರ್ಚುಗಳಲ್ಲಿ ಇದನ್ನು ಓದಿದವರು ಕಡಿಮೆ. ಆದರೆ ಅದರ 3ನೇ ಕಲಂನ ಮೊದಲ ಅಂಶವೇ ರಾಜಕೀಯ ಚಟುವಟಿಕೆ. ಧಾರ್ಮಿಕ ಸಂಸ್ಥೆಯಾಗಲಿ ಅದರ ವ್ಯವಸ್ಥಾಪಕರಾಗಲಿ, ಸಂಸ್ಥೆಗೆ ಸೇರಿದ ಅಥವಾ ಸಂಸ್ಥೆಯ ಹತೋಟಿಯಲ್ಲಿರುವ ಯಾವುದೇ ಆವರಣವನ್ನು ರಾಜಕೀಯ ಚಟುವಟಿಕೆಯ ಪ್ರಚಾರಕ್ಕೆ ಬಳಸುವಂತಿಲ್ಲ, ಬಳಸಲು ಬಿಡುವಂತೆಯೂ ಇಲ್ಲ. 5ನೇ ಕಲಂ ಸಂಸ್ಥೆಯ ಹಣ ಮತ್ತು ಇತರ ಸ್ವತ್ತಿಗೆ ಇದೇ ನಿಷೇಧ ಹಾಕುತ್ತದೆ. 6ನೇ ಕಲಂ ಹಬ್ಬ, ಮೆರವಣಿಗೆ, ಸಭೆಗಳಿಗೆ. ಉಲ್ಲಂಘನೆಯಾದರೆ 7ನೇ ಕಲಂ ಪ್ರಕಾರ ವ್ಯವಸ್ಥಾಪಕರಿಗೂ ಅದರಲ್ಲಿ ಸೇರಿಕೊಂಡ ಪ್ರತಿಯೊಬ್ಬರಿಗೂ 5 ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ. ಶಿಕ್ಷೆಯಾದ ವ್ಯವಸ್ಥಾಪಕರು ಹುದ್ದೆ ಕಳೆದುಕೊಳ್ಳುತ್ತಾರೆ, 6 ವರ್ಷ ಧಾರ್ಮಿಕ ಸಂಸ್ಥೆಗಳ ಹುದ್ದೆಗೆ ಅನರ್ಹರಾಗುತ್ತಾರೆ.

‘ವ್ಯವಸ್ಥಾಪಕ’ ಎಂದರೆ ಫಾದರ್ ಒಬ್ಬರೇ ಅಂದುಕೊಳ್ಳಬೇಡಿ. ಒಂಟಿಯಾಗಿ ಅಥವಾ ಇತರರ ಜೊತೆಗೂಡಿ ಸಂಸ್ಥೆಯ ಕೆಲಸಕಾರ್ಯ, ಆಸ್ತಿಯನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಆ ವ್ಯಾಖ್ಯೆಗೆ ಒಳಪಡುತ್ತಾರೆ. ಪಾಲನಾ ಮಂಡಳಿಯ ಉಪಾಧ್ಯಕ್ಷರೂ ಕಾರ್ಯದರ್ಶಿಯಾದ ನೀವೂ ಅದರ ಹೊರಗಿದ್ದೇವೆ ಎಂದು ಧೈರ್ಯವಾಗಿ ಹೇಳುವಂತಿಲ್ಲ. ಆವರಣವೂ ಅಷ್ಟೇ ವಿಶಾಲ. ಪೂಜೆ ನಡೆಯುವ ಕಟ್ಟಡ ಮಾತ್ರವಲ್ಲ, ಮೈದಾನ, ವಾಹನ ನಿಲ್ಲಿಸುವ ಜಾಗ, ಗ್ರೊಟ್ಟೊ (ಮರಿಯಮ್ಮನವರ ಗವಿ), ಸಮಾಧಿ ಭೂಮಿ, ಸಭಾಭವನ, ಚರ್ಚಿನ ಹೆಸರಿನಲ್ಲಿರುವ ಅಂಗಡಿ ಸಾಲು ಎಲ್ಲವೂ ಸೇರುತ್ತವೆ. ಬಾಗಿಲ ಬಳಿ ಕೊಟ್ಟರೂ ಒಂದೇ, ಕಾರಿನ ವೈಪರಿನಡಿ ಸಿಕ್ಕಿಸಿ ಹೋದರೂ ಒಂದೇ.

ನಿಮ್ಮ ಅಣ್ಣನ ಮಾತು ದಾರಿ ತಪ್ಪುವುದು ‘ರಾಜಕೀಯ ಚಟುವಟಿಕೆ’ ಎಂಬುದರ ಅರ್ಥದಲ್ಲಿ. ಅಮೆರಿಕದಲ್ಲಿ ಗೆರೆ ಎಳೆದಿರುವುದು ಅಭ್ಯರ್ಥಿಯ ಸುತ್ತ. 1954ರಲ್ಲಿ ಆಗಿನ ಸೆನೆಟರ್ ಲಿಂಡನ್ ಜಾನ್ಸನ್ ತಂದ ತಿದ್ದುಪಡಿಯ ಪ್ರಕಾರ, ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಯಾವ ಅಭ್ಯರ್ಥಿಯ ಪರ-ವಿರೋಧವೂ ಪ್ರಚಾರ ಮಾಡಬಾರದು, ಬರಹ ಹಂಚಲೂ ಬಾರದು. ವಿಷಯ, ನೀತಿ, ಮಸೂದೆಗಳ ಬಗ್ಗೆ ಮಾತಾಡಲು ಅಲ್ಲಿ ಸಾಕಷ್ಟು ಅವಕಾಶವಿದೆ. ಆದರೂ ಅಲ್ಲಿನ ತೆರಿಗೆ ಇಲಾಖೆ 1978ರಷ್ಟು ಹಿಂದೆಯೇ ಒಂದು ಮಾತನ್ನು ಸ್ಪಷ್ಟಪಡಿಸಿತ್ತು. ಎಲ್ಲ ಅಭ್ಯರ್ಥಿಗಳಿಗೂ ಹಲವು ಬಗೆಯ ವಿಷಯಗಳ ಮೇಲೆ ಪಕ್ಷಪಾತವಿಲ್ಲದ ಪ್ರಶ್ನೆ ಕಳಿಸಿ ಉತ್ತರ ಪ್ರಕಟಿಸಬಹುದು. ಪ್ರಶ್ನೆಯಲ್ಲೇ ಒಲವು ಕಂಡರೆ ಆಗದು. ಅಂದರೆ ನಿಮ್ಮಲ್ಲಿ ಹಂಚಿದಂಥ ಸರಿ-ತಪ್ಪು ಗುರುತಿನ ಹಾಳೆ ಅಲ್ಲಿಯೂ ಕಷ್ಟಕ್ಕೆ ಸಿಲುಕುವಂಥದ್ದೇ. 2025ರ ಜುಲೈನಲ್ಲಿ ಆ ಇಲಾಖೆ ಟೆಕ್ಸಸ್‌ನ ಒಂದು ಮೊಕದ್ದಮೆಯಲ್ಲಿ, ಪ್ರಾರ್ಥನಾ ವೇಳೆ ಚರ್ಚೊಂದು ತನ್ನ ಸಭಿಕರಿಗೆ ರೂಢಿಯ ಮಾರ್ಗದಲ್ಲಿ ಹೇಳುವ ಮಾತು ನಿಷೇಧಕ್ಕೆ ಒಳಪಡದು ಎಂಬ ಸಡಿಲ ನಿಲುವು ತಳೆದಾಗಲೂ, ಅಲ್ಲಿನ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ, ತಾನು ಅಭ್ಯರ್ಥಿಗಳನ್ನು ಬೆಂಬಲಿಸುವುದೂ ಇಲ್ಲ ವಿರೋಧಿಸುವುದೂ ಇಲ್ಲ ಎಂದು ಮತ್ತೆ ಹೇಳಿತು.

ನಮ್ಮ 1988ರ ಕಾಯ್ದೆಯ ಗೆರೆ ಅಭ್ಯರ್ಥಿಗೆ ನಿಲ್ಲುವುದಿಲ್ಲ. ಪಕ್ಷದ ಗುರಿ-ಉದ್ದೇಶಗಳ ಪ್ರಚಾರದ ಜೊತೆಗೆ ‘ರಾಜಕೀಯ ಸ್ವರೂಪದ ಯಾವುದೇ ವಿಚಾರ, ಪ್ರಶ್ನೆ’ಯ ಪ್ರಚಾರವೂ ಅದರಲ್ಲಿ ಬರುತ್ತದೆ. ಹೀಗಾಗಿ ‘ನಾವು ವಿಷಯದ ಬಗ್ಗೆ ಮಾತ್ರ ಬರೆದಿದ್ದೇವೆ, ಅಭ್ಯರ್ಥಿಯ ಬಗ್ಗೆ ಅಲ್ಲ’ ಎಂಬ ಅಮೆರಿಕದ ವಾದ ಇಲ್ಲಿ ನಡೆಯದು. ಅಲ್ಲಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಮಾದರಿಗಳನ್ನು ಅನುವಾದಿಸಿ ಹಂಚುವ ಅಭ್ಯಾಸವನ್ನು ದಯವಿಟ್ಟು ನಿಲ್ಲಿಸಿ.

ಪಂಚಾಯಿತಿ ಚುನಾವಣೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲವಲ್ಲ, ಅದು ಊರಿನ ಚುನಾವಣೆ, ರಾಜಕೀಯವಲ್ಲ ಎಂದು ಎಷ್ಟೋ ಕಡೆ ಧರ್ಮಕೇಂದ್ರದ ವಾರ್ಡಿನ ಮುಖಂಡರಾದ ಗುರಿಕಾರರೇ ಪೂಜೆಯ ನಂತರ ‘ನಮ್ಮವರ’ ಚೀಟಿ ಹಂಚುತ್ತಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಸಂಸತ್ತು, ವಿಧಾನಮಂಡಲದ ಜೊತೆಗೆ ಸ್ಥಳೀಯ ಪ್ರಾಧಿಕಾರದ ಚುನಾವಣೆಯೂ ಸೇರಿದೆ. ಧರ್ಮಕೇಂದ್ರದ ಸದಸ್ಯರೇ ಅಭ್ಯರ್ಥಿಯಾಗಿದ್ದರೂ ನಿಯಮ ಬದಲಾಗುವುದಿಲ್ಲ. ಆಗಲೇ ಹೆಚ್ಚು ಬಿಗಿ ಬೇಕು, ಏಕೆಂದರೆ ‘ಬೇಡ’ ಎನ್ನಲು ಆಗ ಯಾರಿಗೂ ಮನಸ್ಸು ಬರುವುದಿಲ್ಲ.

ಇನ್ನು ಆ ಹಾಳೆಯನ್ನೇ ಕೈಗೆತ್ತಿಕೊಂಡು ನೋಡೋಣ. ಮೊದಲು ಕಣ್ಣು ಹೋಗಬೇಕಾದದ್ದು ಅದರ ಕೆಳ ಅಂಚಿಗೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಪ್ರತಿ ಚುನಾವಣಾ ಕರಪತ್ರದ ಮೇಲೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ತಮ್ಮ ಗುರುತಿನ ಘೋಷಣೆಗೆ ಸಹಿ ಹಾಕಿ, ತಮ್ಮನ್ನು ಖುದ್ದು ಬಲ್ಲ ಇಬ್ಬರಿಂದ ದೃಢೀಕರಿಸಿ, ಎರಡು ಪ್ರತಿಯಲ್ಲಿ ಮುದ್ರಕರಿಗೆ ಕೊಡಬೇಕು. ಮುದ್ರಕರು ಅದರ ಒಂದು ಪ್ರತಿಯನ್ನು ಕರಪತ್ರದ ಜೊತೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಬೆಂಗಳೂರಿನಲ್ಲಿ ಮುದ್ರಿಸಿದ್ದರೆ ಮುಖ್ಯ ಚುನಾವಣಾಧಿಕಾರಿಗೆ. ತಪ್ಪಿದರೆ 6 ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ‘ನಾವು ಪ್ರೆಸ್ಸಿನಲ್ಲಿ ಮಾಡಿಸಿಲ್ಲ, ಬರೀ ಜೆರಾಕ್ಸ್’ ಎಂಬ ಮಾತಿಗೂ ಬೆಲೆ ಇಲ್ಲ. ಕೈಯಿಂದ ನಕಲು ಬರೆಯುವುದನ್ನು ಬಿಟ್ಟು ಪ್ರತಿ ತೆಗೆಯುವ ಯಾವ ವಿಧಾನವೂ ಮುದ್ರಣವೇ ಎಂದು ಕಾಯ್ದೆ ಹೇಳುತ್ತದೆ. ಹೆಸರಿಲ್ಲದ ಹಾಳೆ ಕಂಡರೆ ಒಳಗಿನ ವಿಷಯ ಓದುವ ಮೊದಲೇ ಅದು ಅಕ್ರಮ ಎಂದು ತಿಳಿಯಿರಿ. ಅಭ್ಯರ್ಥಿಯ ಲಿಖಿತ ಅಧಿಕಾರವಿಲ್ಲದೆ ಅವರ ಗೆಲುವಿಗಾಗಿ ಮೂರನೆಯವರು ಕರಪತ್ರಕ್ಕೆ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಂ ಅಡಿ ಪ್ರತ್ಯೇಕ ಅಪರಾಧ.

ಎರಡನೆಯದು ಕೊನೆಯ ಸಾಲು. ‘ಧರ್ಮಸಭೆಯ ಬೋಧನೆಯಂತೆ ಮತ ಹಾಕಿ’ ಎಂಬುದು ಎಷ್ಟೇ ಭಕ್ತಿಯಿಂದ ಬರೆದಿದ್ದರೂ ಅಪಾಯದ ಸಾಲು. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3) ಕಲಂ ಪ್ರಕಾರ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅಭಿರಾಂ ಸಿಂಗ್ ಪ್ರಕರಣದಲ್ಲಿ 4-3 ಬಹುಮತದಿಂದ, ಇಲ್ಲಿ ಧರ್ಮವೆಂದರೆ ಅಭ್ಯರ್ಥಿಯದು ಮಾತ್ರವಲ್ಲ, ಮತದಾರರದೂ ಸೇರುತ್ತದೆ ಎಂದು ತೀರ್ಪು ಕೊಟ್ಟಿತು. ಇದನ್ನು ಅಭ್ಯರ್ಥಿ, ಅವರ ಏಜೆಂಟರು ಅಥವಾ ಅವರ ಒಪ್ಪಿಗೆಯಿಂದ ಬೇರೆಯವರು ಮಾಡಿದ್ದರೆ ಗೆದ್ದ ಆಯ್ಕೆಯೇ ರದ್ದಾಗಬಹುದು. ತಮ್ಮ ಅಭ್ಯರ್ಥಿಗೆ ಸಹಾಯ ಮಾಡುತ್ತಿದ್ದೇವೆ ಎಂದುಕೊಂಡ ಯುವಕರು ಅವರ ಕುರ್ಚಿಗೇ ಕುತ್ತು ತರುತ್ತಾರೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ‘ಇಂಥವರಿಗೆ ಮತ ಹಾಕಿದರೆ ಪಾಪ’, ‘ದೇವರು ಮೆಚ್ಚುವುದಿಲ್ಲ’, ‘ಪರಮಪ್ರಸಾದ ಸ್ವೀಕರಿಸುವ ಮುನ್ನ ಯೋಚಿಸಿ’ ಎಂದು ಬರೆದರೆ ಮಾತು ಇನ್ನೂ ಗಂಭೀರ. ದೈವಕೋಪಕ್ಕೆ ಅಥವಾ ಧಾರ್ಮಿಕ ಖಂಡನೆಗೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದು ಅನುಚಿತ ಪ್ರಭಾವ. ನ್ಯಾಯ ಸಂಹಿತೆಯ 171 ಮತ್ತು 174ನೇ ಕಲಂಗಳು ಇದನ್ನು ಯಾರೇ ಮಾಡಿದರೂ ಒಂದು ವರ್ಷದವರೆಗಿನ ಸೆರೆಯ ಅಪರಾಧವೆನ್ನುತ್ತವೆ. ಕರಪತ್ರದಲ್ಲಿದ್ದರೂ ಪ್ರಬೋಧನೆಯಲ್ಲಿದ್ದರೂ ಒಂದೇ.

ಮೂರನೆಯದು ಧರ್ಮಸಭೆಯ ಸ್ವಂತ ಕಾನೂನು. ದೇಶದ ಕಾನೂನು ಇಲ್ಲದಿದ್ದರೂ ಆ ಹಾಳೆ ಅಲ್ಲಿ ನಿಲ್ಲುತ್ತಿರಲಿಲ್ಲ. 1983ರ ಕ್ಯಾನನ್ ಸಂಹಿತೆಯ 827ನೇ ಕ್ಯಾನನ್‌ನ ನಾಲ್ಕನೇ ಭಾಗ ಹೇಳುವಂತೆ, ಧರ್ಮ ಅಥವಾ ನೀತಿಯ ವಿಷಯದ ಪುಸ್ತಕ, ಬರಹಗಳನ್ನು ಅಧಿಕೃತ ಅನುಮತಿ ಅಥವಾ ನಂತರದ ಅನುಮೋದನೆ ಇಲ್ಲದೆ ಚರ್ಚುಗಳಲ್ಲಿ ಪ್ರದರ್ಶಿಸುವ, ಮಾರುವ, ಹಂಚುವ ಹಾಗಿಲ್ಲ. ಗರ್ಭಪಾತದ ಬಗ್ಗೆ ಧರ್ಮಸಭೆ ಹೀಗೆ ಹೇಳುತ್ತದೆ ಎಂದು ಬರೆದ ಕೂಡಲೇ ಆ ಹಾಳೆ ಈ ನಿಯಮದ ಕೈಗೆ ಬಂತು. 1210ನೇ ಕ್ಯಾನನ್ ಪವಿತ್ರ ಸ್ಥಳದಲ್ಲಿ ಆರಾಧನೆ, ಭಕ್ತಿ, ಧರ್ಮಕ್ಕೆ ಪೂರಕವಾದದ್ದಕ್ಕೆ ಮಾತ್ರ ಅವಕಾಶ ಕೊಡುತ್ತದೆ. 227ನೇ ಕ್ಯಾನನ್ ಶ್ರೀಸಾಮಾನ್ಯರಿಗೆ ಲೌಕಿಕ ವಿಷಯಗಳಲ್ಲಿ ಪೂರ್ಣ ಸ್ವಾತಂತ್ರ್ಯ ಕೊಡುತ್ತಲೇ, ಭಿನ್ನಾಭಿಪ್ರಾಯಕ್ಕೆ ಎಡೆಯಿರುವ ಸಂಗತಿಗಳಲ್ಲಿ ಸ್ವಂತ ಅಭಿಪ್ರಾಯವನ್ನು ಧರ್ಮಸಭೆಯ ಬೋಧನೆ ಎಂದು ಮುಂದಿಡಬೇಡಿ ಎನ್ನುತ್ತದೆ. ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸಬಾರದು ಎನ್ನುವುದು 287ನೇ ಕ್ಯಾನನ್. ಬೆಳ್ತಂಗಡಿ, ಮಂಡ್ಯದಂಥ ಸಿರೋ-ಮಲಬಾರ್ (ಕೇರಳ ಮೂಲದ ಪೌರಸ್ತ್ಯ ಕ್ಯಾಥೊಲಿಕ್) ಧರ್ಮಪ್ರಾಂತ್ಯಗಳಿಗೆ 1990ರ ಪೌರಸ್ತ್ಯ ಸಂಹಿತೆ ಅನ್ವಯಿಸುತ್ತದೆ. ಅಲ್ಲಿನವರು ತಮ್ಮ ಧರ್ಮಾಧ್ಯಕ್ಷರ ಕಚೇರಿಯನ್ನೇ ಕೇಳಬೇಕು.

ಬಿಷಪ್ಪರ ಹೆಸರಿನಲ್ಲಿ ಬಂದ ಪತ್ರವಾದರೆ ಪೂರ್ತಿ ನಿಶ್ಚಿಂತೆಯೇ? ಅದೂ ಅಲ್ಲ. 2017ರ ಗುಜರಾತ್ ವಿಧಾನಸಭಾ ಚುನಾವಣೆಗೆ ಮುನ್ನ ಗಾಂಧಿನಗರದ ಆರ್ಚ್‌ಬಿಷಪ್ ಪ್ರಾರ್ಥನೆಗೆ ಕರೆಕೊಟ್ಟು ಬರೆದ ಪತ್ರದಲ್ಲಿ ಪಕ್ಷದ ಹೆಸರಿರಲಿಲ್ಲ, ಆದರೆ ದೇಶವನ್ನು ‘ರಾಷ್ಟ್ರೀಯವಾದಿ ಶಕ್ತಿ’ಗಳಿಂದ ಉಳಿಸುವ ಮಾತಿತ್ತು. ಜಿಲ್ಲಾಧಿಕಾರಿಯಿಂದ ವಿವರಣೆ ಕೇಳಿ ನೋಟಿಸು ಬಂತು. ಓದುಗರು ಯಾರ ಕಡೆಗೆ ಬೆರಳು ತೋರಿಸಲಾಗಿದೆ ಎಂದು ತಕ್ಷಣ ಊಹಿಸಬಲ್ಲ ವಿಶೇಷಣ ಹೆಸರಿನಷ್ಟೇ ಕೆಲಸ ಮಾಡುತ್ತದೆ. ‘ಪ್ರಾಮಾಣಿಕರನ್ನು ಆರಿಸಿ, ಹಣಕ್ಕೆ ಮತ ಮಾರಬೇಡಿ, ಬಡವರ ಹಿತ ನೋಡಿ’ ಎಂಬ ಮಟ್ಟದಲ್ಲಿ ನಿಂತರೆ ತೊಂದರೆಯಿಲ್ಲ. ಭಾನುವಾರದ ಪೂಜೆಯಲ್ಲಿ ಓದುವ ವಿಶ್ವಾಸಿಗಳ ಬಿನ್ನಹಗಳಿಗೂ ಇದೇ ಅಳತೆ.

ನಿಜವಾಗಿ ಇಕ್ಕಟ್ಟಿನದು ಸಮುದಾಯದ ಹಕ್ಕಿನ ವಿಚಾರಗಳು. ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಕೋರಿ, ಕ್ರೈಸ್ತರನ್ನು ಅದರಿಂದ ಹೊರಗಿಟ್ಟ 1950ರ ರಾಷ್ಟ್ರಪತಿ ಆದೇಶದ ದಿನವಾದ ಆಗಸ್ಟ್ 10ರಂದು ಚರ್ಚುಗಳಲ್ಲಿ ಪ್ರಾರ್ಥನೆ, ಮನವಿ ಪತ್ರಗಳು ನಡೆಯುತ್ತವೆ. ಕಾಯ್ದೆಯ ಅಕ್ಷರಕ್ಕೆ ಹಿಡಿದರೆ ಇದನ್ನೂ ‘ರಾಜಕೀಯ ಸ್ವರೂಪದ ವಿಚಾರ’ ಎಂದು ವಾದಿಸಬಹುದು. ಒಂದು ಸಮುದಾಯ ತನ್ನ ಸಂವಿಧಾನದತ್ತ ಹಕ್ಕನ್ನು ಸರ್ಕಾರದ ಮುಂದೆ ಕೇಳುವುದನ್ನು ಅಪರಾಧವೆಂದು ನೋಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಎಚ್ಚರಿಕೆ ಹೀಗಿರಲಿ: ಮನವಿ ಸರ್ಕಾರಕ್ಕೆ ಅಥವಾ ಆಯೋಗಕ್ಕೆ ಇರಲಿ, ಪಕ್ಷ, ಶಾಸಕರ ಹೆಸರು ಬೇಡ, ಧರ್ಮಪ್ರಾಂತ್ಯದ ಆಯೋಗದ ಮುದ್ರೆ ಇರಲಿ, ನೀತಿ ಸಂಹಿತೆ ಜಾರಿಯಲ್ಲಿರುವ ವಾರಗಳಲ್ಲಿ ಚರ್ಚಿನಲ್ಲಿ ಸಹಿ ಸಂಗ್ರಹ ಬೇಡ, ಅದನ್ನು ಊರಿನ ಬಾಡಿಗೆ ಸಭಾಂಗಣದಲ್ಲಿ ಶ್ರೀಸಾಮಾನ್ಯರ ಸಂಘಟನೆ ನಡೆಸಲಿ. ಅಭ್ಯರ್ಥಿಗಳ ಜೊತೆ ಸಂವಾದ ಏರ್ಪಡಿಸುವ ಆಸೆ ಇದ್ದರೂ ಜಾಗ ಅದೇ.

ಈಗ ಹಂಚಬಹುದಾದದ್ದು. ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಯ ನಮೂನೆ 8, ಮತಗಟ್ಟೆಯ ವಿವರ, ಗುರುತಿನ ದಾಖಲೆಗಳ ಪಟ್ಟಿ, ಸಹಾಯವಾಣಿ 1950, ಮತದಾನದ ದಿನಾಂಕ, ನೋಟಾದ ವಿವರಣೆ. ಇವೆಲ್ಲ ಚುನಾವಣಾ ಆಯೋಗವೇ ಮಾಡಿ ಎನ್ನುವ ಕೆಲಸ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕುಗಳು ವಯಸ್ಸಿನ ಅರ್ಹತಾ ದಿನಗಳು. 18 ತುಂಬಿದ ಯುವಜನರ ಪಟ್ಟಿಯನ್ನು ಅದಕ್ಕೆ ಹೊಂದಿಸಿ ಮಾಡಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅವರನ್ನು ಕರೆಸಿ ಸಭಾಭವನದಲ್ಲಿ ಒಂದು ಭಾನುವಾರ ಮೇಜು ಹಾಕಿಸುವುದಾದರೆ, ಪಕ್ಷಗಳ ಬೂತ್ ಏಜೆಂಟರು ಪಕ್ಕದಲ್ಲಿ ಇನ್ನೊಂದು ಮೇಜು ಹಾಕಲು ಬರುತ್ತಾರೆ, ಅವರನ್ನು ಗೇಟಿನಾಚೆ ನಿಲ್ಲಿಸಿ. ನಮೂನೆಯ ಹಿಂಬದಿಯಲ್ಲಿ ದಾನಿಯ ಹೆಸರು, ಸ್ಥಳೀಯ ನಾಯಕರ ಶುಭಾಶಯ ಅಚ್ಚಾಗಿ ಬಂದಿದ್ದರೆ ಆ ಕಟ್ಟನ್ನೇ ವಾಪಸು ಕಳಿಸಿ. ವಿದೇಶದಲ್ಲಿರುವ ಬಂಧುಗಳು ಕಳಿಸಿದ ದೇಣಿಗೆಯನ್ನು, ಅದರಲ್ಲೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಖಾತೆಯ ಹಣವನ್ನು, ಇಂಥ ಮುದ್ರಣಕ್ಕೆ ಮುಟ್ಟಬೇಡಿ.

ಮುಂದಿನ ಚುನಾವಣೆ ಘೋಷಣೆಯಾಗುವ ಮೊದಲೇ ಪಾಲನಾ ಮಂಡಳಿ ಒಂದು ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಲಿ. ಘೋಷಣೆಯ ನಂತರ ಮಾಡಿದರೆ ಯಾರೋ ಒಬ್ಬರ ವಿರುದ್ಧ ಮಾಡಿದಂತೆ ಕಾಣುತ್ತದೆ. ಗೇಟಿನ ಬಳಿ ಹೀಗೊಂದು ಫಲಕ ಸಾಕು:

‘ಈ ಆವರಣದಲ್ಲಿ ಯಾವುದೇ ಪಕ್ಷ, ಅಭ್ಯರ್ಥಿ ಅಥವಾ ರಾಜಕೀಯ ವಿಷಯದ ಕರಪತ್ರ ಹಂಚುವುದು, ಬ್ಯಾನರ್ ಕಟ್ಟುವುದು, ಪ್ರಚಾರ ಮಾಡುವುದು ನಿಷಿದ್ಧ. ಇತರ ಯಾವುದೇ ಬರಹ ಹಂಚಲು ಧರ್ಮಗುರುಗಳ ಲಿಖಿತ ಅನುಮತಿ ಬೇಕು. – ಧರ್ಮಗುರುಗಳು ಮತ್ತು ಪಾಲನಾ ಮಂಡಳಿ’

ಎರಡನೇ ವಾಕ್ಯವನ್ನು ಬಿಡಬೇಡಿ. ಅದು ಇಲ್ಲದಿದ್ದರೆ ‘ಇದು ರಾಜಕೀಯವೇ ಅಲ್ಲ’ ಎಂಬ ವಾದ ಮೈದಾನದಲ್ಲೇ ಶುರುವಾಗುತ್ತದೆ. ಇದ್ದರೆ ‘ಅನುಮತಿ ಚೀಟಿ ತೋರಿಸಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಹೊರಗಿನವರು ಬಂದು ಹಂಚಲು ಶುರುಮಾಡಿದರೆ ಮಂಡಳಿಯ ಇಬ್ಬರು ಹೋಗಿ ಫಲಕ ತೋರಿಸಿ, ಗೇಟಿನ ಹೊರಗೆ ಹೋಗಿ ಎಂದು ಸಮಾಧಾನದಿಂದ ಹೇಳಿ. ಕೈಯಿಂದ ಕಿತ್ತುಕೊಳ್ಳಬೇಡಿ, ಸುಡಬೇಡಿ. ಅದರಿಂದ ನಿಮ್ಮ ಮೇಲೆಯೇ ದೂರು ಬರುತ್ತದೆ. ಒಂದು ಪ್ರತಿ ಇಟ್ಟುಕೊಂಡು ಅದರ ಹಿಂದೆ ದಿನಾಂಕ, ಸಮಯ, ಸಿಕ್ಕಿದ ಜಾಗ ಬರೆದು ಇಬ್ಬರೂ ಸಹಿ ಹಾಕಿ. ಮುಂದಿನ ಪೂಜೆಯ ಕೊನೆಯಲ್ಲಿ ‘ಮೈದಾನದಲ್ಲಿ ಹಂಚಿದ ಕರಪತ್ರ ಧರ್ಮಕೇಂದ್ರದ್ದಲ್ಲ, ಬಿಷಪ್ಪರ ಅನುಮತಿ ಪಡೆದದ್ದೂ ಅಲ್ಲ’ ಎಂದಷ್ಟೇ ಪ್ರಕಟಿಸಿ. ಅದರಲ್ಲಿದ್ದ ಹೆಸರುಗಳನ್ನು ಮೈಕಿನಲ್ಲಿ ಓದಿ ಖಂಡಿಸಿದರೆ ನೀವೇ ಪ್ರಚಾರ ಮಾಡಿದಂತಾಗುತ್ತದೆ. ನಂತರ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉಲ್ಲಂಘನೆ ಕಂಡರೆ ಪೊಲೀಸರಿಗೆ ತಿಳಿಸುವುದು 1988ರ ಕಾಯ್ದೆಯಡಿ ವ್ಯವಸ್ಥಾಪಕರ ಕರ್ತವ್ಯವೇ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಸ್ಥಳದಿಂದಲೇ ಚಿತ್ರ ಕಳಿಸಬಹುದು, 100 ನಿಮಿಷದೊಳಗೆ ಕ್ರಮದ ಗುರಿ ಇದೆ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಆಗ ಚುನಾವಣಾಧಿಕಾರಿ ಅಥವಾ ತಹಶೀಲ್ದಾರರಿಗೆ ದೂರು ಕೊಡಿ. ಗೇಟಿನ ಹೊರಗಿನ ಸಾರ್ವಜನಿಕ ರಸ್ತೆ ನಿಮ್ಮ ಹತೋಟಿಯದಲ್ಲ. ದಾರಿಗೆ ಅಡ್ಡವಾಗದಿದ್ದರೆ ಅಲ್ಲಿ ನಿಂತವರನ್ನು ಓಡಿಸುವ ಹಕ್ಕು ನಿಮಗಿಲ್ಲ.

ಅಭ್ಯರ್ಥಿಗಳು ಪೂಜೆಗೆ ಬಂದರೆ ಬರಲಿ, ಪ್ರಾರ್ಥಿಸಲಿ. ಪಕ್ಷದ ಶಲ್ಯ, ಮೈಕು, ಪೀಠದಿಂದ ಪರಿಚಯ, ಮೆಟ್ಟಿಲ ಮೇಲೆ ಕರಪತ್ರ ಇವು ಬೇಡ. ಮೊಂತಿ ಹಬ್ಬ (ಮರಿಯಮ್ಮನವರ ಜನ್ಮದಿನದ ಹಬ್ಬ), ವಾರ್ಷಿಕ ಹಬ್ಬಗಳಿಗೆ ಶುಭ ಕೋರುವ ನಾಯಕರ ಫ್ಲೆಕ್ಸ್‌ಗಳು 6ನೇ ಕಲಂಗೆ ಹತ್ತಿರದ ದಾರಿ. ದಾನಿಗಳಿಗೆ ಮೊದಲೇ ತಿಳಿಸಿಬಿಡಿ. ಧರ್ಮಕೇಂದ್ರದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಚುನಾವಣೆ ಮುಗಿಯುವವರೆಗೆ ಬದಲಿಸಿ. ಕುಟುಂಬಗಳ ಫೋನ್ ನಂಬರಿನ ಪಟ್ಟಿಯನ್ನು ಯಾರಿಗೂ ಕೊಡಬೇಡಿ, ಅದೂ ಸಂಸ್ಥೆಯ ಸ್ವತ್ತು.

ಚರ್ಚಿನ ಶಾಲೆ ಮತಗಟ್ಟೆಯಾದರೆ ಕಟ್ಟಡವನ್ನು ಸರ್ಕಾರ ವಶಕ್ಕೆ ಪಡೆದಂತೆ. ಮತದಾನದ ದಿನ 100 ಮೀಟರ್ ಒಳಗೆ ಮತ ಯಾಚನೆ ಯಾರಿಗೂ ಇಲ್ಲ, ಚರ್ಚಿನ ಬಾಗಿಲು ಆ ಅಳತೆಯೊಳಗೆ ಬಂದರೆ ಬೆಳಗಿನ ಪೂಜೆಗೆ ಬಂದವರಿಗೂ ಅದೇ ನಿಯಮ. ಸಭಾಭವನ ಬಾಡಿಗೆಗೆ ಕೊಡುವ ಅರ್ಜಿಯಲ್ಲಿ ‘ಕಾರ್ಯಕ್ರಮದ ಉದ್ದೇಶ’ ಎಂಬ ಖಾಲಿ ಜಾಗ ಇರಲಿ, ರಾಜಕೀಯ ಬಳಕೆ ಕಂಡರೆ ತಕ್ಷಣ ರದ್ದು, ಮುಂಗಡ ವಾಪಸಿಲ್ಲ ಎಂಬ ಷರತ್ತೂ ಇರಲಿ. ‘ಹುಟ್ಟುಹಬ್ಬ’ ಎಂದು ಬುಕ್ ಮಾಡಿ ಕಾರ್ಯಕರ್ತರ ಸಭೆ ನಡೆಸಿದಾಗ ನಿಮ್ಮ ಕೈಯಲ್ಲಿ ಉಳಿಯುವ ದಾಖಲೆ ಆ ಸಹಿ ಹಾಕಿದ ಅರ್ಜಿಯೇ.